ಕುರಿಂಜಲ್: ಚಳಿ ಮುಗಿಯುವ ಹೊತ್ತಿಗೆ ಒಬ್ಬರೇ ಹೋಗಿಬರಲು ಒಳ್ಳೆಯ ಕಾಡುದಾರಿ

ಕುದುರೆಮುಖದ ಕಡೆ ಒಂದೇ ದಿನದಲ್ಲಿ ಮುಗಿಯುವ ಚಾರಣ ಬೇಕು, ಜೊತೆಗೆ ಯಾರೂ ಇಲ್ಲ, ಜನಜಂಗುಳಿಯೂ ಬೇಡ ಅನ್ನುವವರಿಗೆ ನಾನು ಕುರಿಂಜಲ್ ಹೆಸರು ಹೇಳುತ್ತೇನೆ. ಅದೂ ಸಂಕ್ರಾಂತಿ ಕಳೆದ ಮೇಲೆ, ವಾರದ ನಡುವಿನ ಒಂದು ದಿನ. ನಾನು ಜನವರಿ ಕೊನೆಯ ಒಂದು ಬುಧವಾರ ಒಬ್ಬಳೇ ಹೋಗಿ ಬಂದೆ. ದಾರಿ, ಗೈಡ್, ಉಳಿದುಕೊಂಡ ಹೋಮ್‌ಸ್ಟೇ, ಅವರು ಕಟ್ಟಿಕೊಟ್ಟ ಬುತ್ತಿ ಎಲ್ಲದರ ಬಗ್ಗೆಯೂ ಬರೆಯುತ್ತೇನೆ. ಚಾರಣದ ಬಗ್ಗೆ ಬರೆಯುವವರು ಹೆಚ್ಚಾಗಿ ಹತ್ತು ಹದಿನೈದು ಜನರ ಗುಂಪಿನಲ್ಲಿ ಹೋದವರು. ಒಬ್ಬರೇ ಹೋಗುವವರ ಪ್ರಶ್ನೆಗಳೇ ಬೇರೆ, ಅಲ್ವಾ?

ಮೊದಲು ಬುಕಿಂಗ್. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ದಾರಿ. ಸುಮ್ನೆ ಬ್ಯಾಗ್ ಹಾಕಿಕೊಂಡು ಹೋಗಿ ಹತ್ತುವ ಹಾಗಿಲ್ಲ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ತಾಣದಲ್ಲಿ ಮೊದಲೇ ದಿನ ನೋಡಿ, ಗುರುತಿನ ಚೀಟಿಯ ವಿವರ ಕೊಟ್ಟು, ಹಣ ಕಟ್ಟಬೇಕು. ಒಬ್ಬರ ಹೆಸರಿಗೂ ಬುಕ್ ಆಗುತ್ತದೆ. ದರ ಆಗಾಗ ಬದಲಾಗುತ್ತದೆ, ಹಾಗಾಗಿ ನಾನು ಕಟ್ಟಿದ್ದನ್ನು ಬರೆದು ಉಪಯೋಗವಿಲ್ಲ, ಅಲ್ಲೇ ನೋಡಿಕೊಳ್ಳಿ. ಬೆಳಿಗ್ಗೆ ಅನುಮತಿ ತೋರಿಸಿದ ಮೇಲೆ ಒಬ್ಬ ಗೈಡ್ ಜೊತೆಗೆ ಬರುತ್ತಾರೆ. ಅವರಿಲ್ಲದೆ ಒಳಗೆ ಬಿಡುವುದಿಲ್ಲ. 'ಒಬ್ಬಳೇ ಇರಬೇಕು ಅಂತ ಬಂದವಳಿಗೆ ಗೈಡ್ ಯಾಕೆ' ಅಂತ ಕೆಲವರು ಕೇಳುತ್ತಾರೆ. ನನಗೆ ಈ ಇಡೀ ದಿನದಲ್ಲಿ ಅತಿ ಹೆಚ್ಚು ಇಷ್ಟವಾಗಿದ್ದೇ ಗೈಡ್ ಜೊತೆಗಿನ ನಡಿಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಲುಪುವುದು ಕಷ್ಟವಲ್ಲ. ಬೆಂಗಳೂರಿನಿಂದ ಹೊರನಾಡಿಗೆ ರಾತ್ರಿ ಬಸ್ಸುಗಳಿವೆ, ಕಳಸದಲ್ಲಿ ಇಳಿದರೆ ಆಯಿತು. ಅಲ್ಲಿಂದ ಕುದುರೆಮುಖ ಊರು ದಾಟಿ ಎಸ್.ಕೆ. ಬಾರ್ಡರ್ (ದಕ್ಷಿಣ ಕನ್ನಡದ ಹಳೆಯ ಗಡಿ) ಕಡೆಗೆ ಹೋಗುವ ರಸ್ತೆಯಲ್ಲಿ ಭಗವತಿ ನೇಚರ್ ಕ್ಯಾಂಪ್ ಸಿಗುತ್ತದೆ, ಪಕ್ಕದಲ್ಲೇ ಭದ್ರಾ ಹೊಳೆ. ಕುರಿಂಜಲ್ ದಾರಿ ಶುರುವಾಗುವುದು ಅದರ ಹತ್ತಿರವೇ. ಕಾಡಿನೊಳಗಿನ ಆ ರಸ್ತೆಯಲ್ಲಿ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಇಂತಿಷ್ಟು ಹೊತ್ತಿನಲ್ಲಿ ದಾಟಬೇಕು, ನಡುವೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ತಿಂಡಿ ತಿನ್ನುವಂತಿಲ್ಲ. ಒಳ್ಳೆಯ ನಿಯಮ. ರಸ್ತೆ ಬದಿ ತಿಂಡಿ ಪೊಟ್ಟಣ ಬಿದ್ದರೆ ಮಂಗಗಳು ಬರುತ್ತವೆ, ಆಮೇಲೆ ಗಾಡಿಗೆ ಸಿಕ್ಕಿ ಸಾಯುತ್ತವೆ.

ದಾರಿಯ ಬಗ್ಗೆ. ಹೋಗಿ ಬರಲು 12-13 ಕಿಲೋಮೀಟರ್ ಆಸುಪಾಸು. ಎತ್ತರ ಸುಮಾರು 1,150 ಮೀಟರ್. 1,894 ಮೀಟರಿನ ಕುದುರೆಮುಖ ಶಿಖರದ ಮುಂದೆ ಇದು ಚಿಕ್ಕದೇ. ಬಹುಪಾಲು ಹಳೆಯ ಜೀಪ್ ರಸ್ತೆ, ಎರಡೂ ಕಡೆ ದಟ್ಟ ಕಾಡು, ನಿಧಾನವಾಗಿ ಏರುತ್ತದೆ. ಕೊನೆಯ ತುಂಡು ಮಾತ್ರ ಹುಲ್ಲುಗಾವಲಿನಲ್ಲಿ ಕಡಿದಾಗಿ ಹತ್ತಬೇಕು. ದಿನವೂ ಸ್ವಲ್ಪ ನಡೆಯುವ ಅಭ್ಯಾಸ ಇರುವವರಿಗೆ ಕಷ್ಟವೇನಿಲ್ಲ. ನಾವು ಬೆಳಿಗ್ಗೆ ಏಳೂವರೆಗೆ ಹೊರಟೆವು. ಮಧ್ಯಾಹ್ನ ಊಟದ ಹೊತ್ತಿಗೆಲ್ಲ ಕೆಳಗೆ ಬಂದಾಗಿತ್ತು, ಅದೂ ಅಲ್ಲಲ್ಲಿ ನಿಂತು ನೋಡಿಕೊಂಡು.

ಆ ಹೊತ್ತಿಗೆ ಕಾಡೊಳಗೆ ಇನ್ನೂ ಚಳಿ. ಮಂಜು ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತಿತ್ತು, ಮೇಲೆ ಬಿಸಿಲು ಬಿದ್ದ ಕಡೆ ಮಾತ್ರ ಚಿಗುರು ಕೆಂಪಗೆ ಹೊಳೆಯುತ್ತಿತ್ತು. ಚಳಿಗಾಲದ ಕೊನೆಗೆ ಇಲ್ಲಿನ ಕೆಲವು ಮರಗಳು ಕೆಂಪು ಚಿಗುರು ಬಿಡುತ್ತವೆ. ದೂರದಿಂದ ನೋಡಿದರೆ ಮರ ಹೂ ಬಿಟ್ಟಿದೆ ಅಂತಲೇ ಅನ್ನಿಸುತ್ತದೆ. ಮಳೆಗಾಲದ ಹಸಿರನ್ನಷ್ಟೇ ನೋಡಿದವರು ಇದನ್ನು ಒಮ್ಮೆ ನೋಡಬೇಕು.

ಈಗ ಗೈಡ್ ವಿಷಯ. ನಮ್ಮ ಗೈಡ್ ಅಣ್ಣ ಅಲ್ಲೇ ಹತ್ತಿರದ ಊರಿನವರು, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೆಲಸಕ್ಕೂ ಹೋಗುತ್ತಾರೆ. ಹೊರಟ ಸ್ವಲ್ಪ ಹೊತ್ತಿಗೆ ತಿರುಗಿ ನಿಂತು, 'ಅಕ್ಕ, ತರಗೆಲೆ ಮೇಲೆ ಕಾಲಿಡಬೇಡಿ ಮಾರಾಯ್ರೆ, ನನ್ನ ಹೆಜ್ಜೆ ನೋಡ್ಕೊಂಡು ಬನ್ನಿ' ಅಂದರು. ಜನವರಿಯಲ್ಲಿ ತರಗೆಲೆ ಒಣಗಿ ಗರಿಗರಿ ಆಗಿರುತ್ತದೆ, ಒಂದೊಂದು ಹೆಜ್ಜೆಗೂ ಸದ್ದು. ಜೀಪಿನ ಚಕ್ರ ಹೋದ ಗೆರೆಯಲ್ಲಿ ಬರೀ ಮಣ್ಣು ಇರುತ್ತದೆ, ಅವರು ಅದರ ಮೇಲೇ ನಡೆಯುತ್ತಾರೆ. ನಾನೂ ಹಾಗೇ ನಡೆದೆ. ನಮ್ಮ ಸದ್ದು ನಿಂತದ್ದೇ ತಡ, ಕಾಡಿನ ಸದ್ದು ಕೇಳತೊಡಗಿತು. ಮೇಲೆ ಕೆಂದಳಿಲು ಕಾಯಿ ಕಡಿದು ಚೂರು ಕೆಳಗೆ ಉದುರಿಸುವುದು, ಪೊದೆಯೊಳಗೆ ಕಾಡುಕೋಳಿ ಕೆದಕುವುದು, ಭೀಮರಾಜ ಬೇರೆ ಹಕ್ಕಿಗಳ ದನಿಯನ್ನೆಲ್ಲ ಒಂದಾದ ಮೇಲೆ ಒಂದರಂತೆ ಅನುಕರಿಸುವುದು, ಇವೆಲ್ಲ ಅಲ್ಲಿ ಮೊದಲಿನಿಂದಲೂ ಇದ್ದವು. ಒಂದು ಕಡೆ ಅಣ್ಣ ಕೈ ಎತ್ತಿ ನಿಲ್ಲಿಸಿದರು. ತಲೆ ಮೇಲೆ ಮೊರದಲ್ಲಿ ಭತ್ತ ಕೇರಿದ ಹಾಗೆ ಒಂದು ಸದ್ದು ಹಾದುಹೋಯಿತು. ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ ಅದು. ಹಕ್ಕಿ ಎಲೆಗಳ ಆಚೆ ಅರೆಕ್ಷಣ ಕಂಡಿತು ಅಷ್ಟೇ, ಆದರೆ ರೆಕ್ಕೆಯ ಸದ್ದನ್ನು ಅಷ್ಟು ಹತ್ತಿರದಿಂದ ನಾನು ಹಿಂದೆಂದೂ ಕೇಳಿರಲಿಲ್ಲ.

ಹದಿನೈದು ಜನರ ಗುಂಪಿನಲ್ಲಿ ಇದು ಆಗುವ ಮಾತಲ್ಲ. ಗುಂಪಿದ್ದರೆ ಗೈಡ್‌ಗೆ ಹಿಂದೆ ಉಳಿದವರನ್ನು ಎಣಿಸುವುದೇ ಕೆಲಸ. ಒಬ್ಬರಿದ್ದರೆ ಅವರು ತಾವು ದಿನವೂ ನೋಡುವುದನ್ನು ತೋರಿಸುತ್ತಾರೆ. ಕಾಟಿಗಳು ರಾತ್ರಿ ದಾಟಿದ ಗೊರಸಿನ ಗುರುತು, ಕಡವೆ ಕೊಂಬು ಉಜ್ಜಿ ತೊಗಟೆ ಎದ್ದ ಮರ, ಮುಟ್ಟಿದರೆ ಮೈಯೆಲ್ಲ ಸುಟ್ಟ ಹಾಗೆ ಬೊಬ್ಬೆ ಏಳಿಸುವ ಹೊಲಗೇರು. ಆ ಮರವನ್ನು ದೂರದಿಂದಲೇ ತೋರಿಸಿ, ಕೆಳಗೆ ಬಿದ್ದ ಅದರ ಎಲೆಯನ್ನೂ ಮುಟ್ಟಬೇಡಿ ಅಂದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಕೇಳದಿದ್ದಾಗ ಸುಮ್ಮನೆ ನಡೆದರು. ಒಬ್ಬಳೇ ಹೆಂಗಸು ಅಂತ ಒಂದು ಅನಗತ್ಯ ಪ್ರಶ್ನೆ ಇಲ್ಲ, ಒಂದು ಉಪದೇಶ ಇಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಒಬ್ಬರೇ ಹೋಗಲು ಹಿಂಜರಿಯುವ ಹುಡುಗಿಯರು ಮೊದಲು ಕೇಳುವುದೇ ಇದು. ನನಗೆ ಇಡೀ ದಿನ ಒಂದು ಕ್ಷಣವೂ ಅಳುಕು ಅನ್ನಿಸಲಿಲ್ಲ. ಆದರೂ ಮನೆಯವರಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ ಹೊರಡಿ. ಒಳಗೆ ಹೋದ ಮೇಲೆ ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ.

ಸಿಂಗಳೀಕ (ಸಿಂಹಬಾಲದ ಕಪ್ಪು ಮಂಗ) ಕಾಣಲಿಲ್ಲ. ಈ ಕಾಡಿಗೆ ಅದರ ಋಣ ದೊಡ್ಡದು. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು, ಅದರ ಆಧಾರದ ಮೇಲೆ 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಆಗಲೂ ಪಕ್ಕದಲ್ಲೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ ಅದು ನಿಂತದ್ದು 2005ರ ಕೊನೆಗೆ. ಕುರಿಂಜಲ್ ತುದಿಯಲ್ಲಿ ಪಾಳುಬಿದ್ದ ಕಟ್ಟಡ ಒಂದಿದೆ. ಗಣಿ ಕಂಪನಿಯ ಕಾಲದ ವೈರ್‌ಲೆಸ್ ಕೇಂದ್ರ ಅಂತ ಅಣ್ಣ ಹೇಳಿದರು. ಜೀಪ್ ರಸ್ತೆ ಇಷ್ಟು ಮೇಲಿನವರೆಗೆ ಬಂದಿರುವುದೂ ಹಾಗೇ ಇರಬೇಕು. ಗೋಡೆಗಳ ಮೇಲೆ ಬಂದವರೆಲ್ಲ ಹೆಸರು ಗೀಚಿಟ್ಟಿದ್ದಾರೆ, ನೋಡಿ ಬೇಜಾರಾಯಿತು. ಕಟ್ಟಡದ ಆಚೆ ನಿಂತರೆ ಸುತ್ತ ಬೆಟ್ಟದ ಸಾಲು, ಮಡಿಕೆಗಳಲ್ಲಿ ಕಪ್ಪು ಹಸಿರಿನ ಶೋಲಾ ಕಾಡು, ಮೇಲೆಲ್ಲ ಹಳದಿ ಹುಲ್ಲು.

ಹಳದಿ ಅಂದೆ. ಇದನ್ನು ತಿಳಿದೇ ಹೋಗಿ. ಫೋಟೋಗಳಲ್ಲಿ ಕಾಣುವ ಮಖಮಲ್ ಹಸಿರು ಮಳೆಗಾಲದ್ದು, ಅಕ್ಟೋಬರ್‌ವರೆಗೂ ಇರುತ್ತದೆ. ಜನವರಿ ಕೊನೆಗೆ ಹುಲ್ಲು ಒಣಗಿ ನಿಂತಿರುತ್ತದೆ, ತೊರೆಗಳಲ್ಲಿ ನೀರು ಸಣ್ಣಗೆ ಹರಿಯುತ್ತದೆ, ಹತ್ತು ಗಂಟೆ ಮೇಲೆ ಬಯಲಿನಲ್ಲಿ ಬಿಸಿಲು ಚುರುಕು. ನೀವು ಬರುವುದು ಹಸಿರಿಗೆ, ಜಲಪಾತಕ್ಕೆ ಆದರೆ ಈ ಕಾಲ ನಿಮಗಲ್ಲ. ಒಣಹುಲ್ಲಿನ ಇನ್ನೊಂದು ಮುಖ ಬೆಂಕಿ. ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡ ಹೋಗುತ್ತದೆ. ಬೆಂಕಿ ಹುಲ್ಲಿನಲ್ಲೇ ನಿಲ್ಲದೆ ಶೋಲಾದ ಅಂಚನ್ನೂ ತಿನ್ನುತ್ತದೆ, ಅಲ್ಲಿನ ಸಸಿಗಳು ಸತ್ತರೆ ಆ ಜಾಗಕ್ಕೆ ಹುಲ್ಲು ಬರುತ್ತದೆ. ಅದಕ್ಕೇ ಬೇಸಿಗೆ ಬರುವ ಮೊದಲು ಹುಲ್ಲಿನ ಪಟ್ಟೆ ಸವರಿ ಬೆಂಕಿ ರೇಖೆ ಮಾಡುತ್ತಾರೆ. ಬೆಂಕಿಯ ಕಾಲದಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದೂ ಇದೆ, ಹಾಗಾಗಿ ಫೆಬ್ರವರಿಗೆ ಯೋಜನೆ ಹಾಕುವವರು ಮೊದಲು ದಾರಿ ತೆರೆದಿದೆಯಾ ಅಂತ ನೋಡಿ. ಮುಚ್ಚಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಯಾರನ್ನೋ ಹಿಡಿದು ಹೇಗಾದರೂ ಒಳಗೆ ಹೋಗುವ ಪ್ರಯತ್ನವಂತೂ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು, ಯಾರೂ ಸರಿಯಾಗಿ ಹೇಳದ್ದು: ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ. ಈ ಕಾಲದಲ್ಲಿ ಜಿಗಣೆ ಕಾಟ ಇರುವುದಿಲ್ಲ ಅಂತ ಎಲ್ಲರೂ ಖುಷಿಪಡುತ್ತಾರೆ. ನಿಜ, ನನಗೆ ಒಂದೂ ಹತ್ತಲಿಲ್ಲ. ಆದರೆ ಮಲೆನಾಡಿನ ಕಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಮೊದಲು ಪತ್ತೆಯಾದ ಕಾಯಿಲೆ ಇದು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಜನರಿಗೆ ಬಂದಿದೆ, ಸಾವೂ ಆಗಿದೆ. ಹರಡುವುದು ಉಣುಗಿನಿಂದ, ಅದರಲ್ಲೂ ಕಣ್ಣಿಗೆ ಸುಲಭವಾಗಿ ಕಾಣದ ಸಣ್ಣ ಮರಿಗಳಿಂದ. ನಾನು ತಿಂಡಿ ತಿನ್ನಲು ಮರದ ಬುಡಕ್ಕೆ ಹೋದಾಗ ಅಣ್ಣ, 'ತರಗೆಲೆ ಮೇಲೆ ಕೂರ್ಬೇಡಿ ಅಕ್ಕ, ಉಣುಗು ಹತ್ತತ್ತೆ' ಅಂತ ಬಂಡೆ ತೋರಿಸಿದರು.

ಹಾಗಾಗಿ ಉದ್ದ ತೋಳಿನ ಅಂಗಿ, ಪೂರ್ತಿ ಕಾಲಿನ ಪ್ಯಾಂಟು, ಪ್ಯಾಂಟಿನ ಅಂಚು ಕಾಲುಚೀಲದ ಒಳಗೆ. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಹತ್ತಿದ್ದು ಬೇಗ ಕಾಣುತ್ತದೆ. ಆರೋಗ್ಯ ಇಲಾಖೆ ಮಲೆನಾಡಿನ ಊರುಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡೀಪಾ ಎಣ್ಣೆ ಕೊಡುತ್ತದೆ, ನಮ್ಮ ಅಣ್ಣ ಹಚ್ಚಿಕೊಂಡೇ ಬಂದಿದ್ದರು, ನನಗೂ ಕೊಟ್ಟರು. ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಹಾಕಿದ್ದ ಬಟ್ಟೆಯೂ ಬಿಸಿನೀರಿಗೆ. ಆಮೇಲಿನ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಮೊದಲು ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಅದು ಹೇಗೆ ಗೊತ್ತಾಗಬೇಕು?

ಶೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಬಾರಿ, ಎತ್ತರದ ಟ್ರೆಕ್ಕಿಂಗ್ ಶೂ ಬೇಕಾಗಿಲ್ಲ. ಹಿಡಿತ ಮಾತ್ರ ಚೆನ್ನಾಗಿರಬೇಕು, ಇಳಿಯುವಾಗ ಹುಲ್ಲುಗಾವಲಿನ ತುಂಡಿನಲ್ಲಿ ಒಣಮಣ್ಣು, ಸಣ್ಣ ಕಲ್ಲು ಎರಡೂ ಜಾರುತ್ತವೆ. ನೀರು ಎರಡು ಲೀಟರ್ ಹೊರಿ. ಬೆಳಿಗ್ಗೆಗೆ ಒಂದು ಸ್ವೆಟರ್, ಆಮೇಲೆ ಟೋಪಿ.

ಇನ್ನು ಹೋಮ್‌ಸ್ಟೇ. ಕಳಸದ ಹತ್ತಿರದ ಒಂದು ತೋಟದ ಮನೆ, ಹೆಸರು ಬರೆಯುವುದಿಲ್ಲ. ಕೋಣೆ ಚೊಕ್ಕಟ, ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು, ರಾತ್ರಿ ಬಿಸಿ ಕಡುಬಿಗೆ ಕಾಯಿಚಟ್ನಿ. ಅಂಗಳದಲ್ಲಿ ಕಾಫಿ ಹಣ್ಣು ಒಣಗಲು ಹಾಕಿದ್ದರು, ಅದರ ಹುಳಿವಾಸನೆ ರಾತ್ರಿಯೆಲ್ಲ ಕಿಟಕಿಯಿಂದ ಬರುತ್ತಿತ್ತು. ಮನೆಯ ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಕಾಫಿ ಕೊಟ್ಟರು. ಇಷ್ಟೆಲ್ಲ ಚೆನ್ನಾಗಿದ್ದೂ ಎರಡು ವಿಷಯ ಸರಿಬರಲಿಲ್ಲ. ಒಂದು, ಜೀಪಿನ ಬಾಡಿಗೆ. ಫೋನಿನಲ್ಲಿ ಒಂದು ಮೊತ್ತ ಹೇಳಿ, ಬೆಳಿಗ್ಗೆ ಹೊರಡುವಾಗ 'ನೀವು ಒಬ್ಬರೇ ಅಲ್ವಾ, ಪೂರ್ತಿ ಗಾಡಿ ದುಡ್ಡು ಕೊಡಬೇಕು' ಅಂದರು. ಒಬ್ಬರಿಗೆ ಜಾಸ್ತಿ ಆಗುತ್ತದೆ ಅನ್ನುವುದು ನನಗೂ ಗೊತ್ತು, ಡೀಸೆಲ್ ಖರ್ಚು ಅಷ್ಟೇ ತಾನೆ. ಅದನ್ನು ಬುಕ್ ಮಾಡುವ ದಿನವೇ ಹೇಳಬೇಕು. ಬೆಳಿಗ್ಗೆ ಆರೂವರೆಗೆ, ಬೇರೆ ಗಾಡಿ ಹುಡುಕಲು ಆಗದ ಹೊತ್ತಿನಲ್ಲಿ ಹೇಳುವುದು ನ್ಯಾಯವಲ್ಲ. ನೀವು ಒಬ್ಬರೇ ಹೋಗುವುದಾದರೆ ಮೊತ್ತವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಬುತ್ತಿ. ಚಿತ್ರಾನ್ನ ರುಚಿಯಾಗಿತ್ತು, ಆದರೆ ಕಟ್ಟಿಕೊಟ್ಟದ್ದು ಪ್ಲಾಸ್ಟಿಕ್ ಕವರಿನಲ್ಲಿ, ಜೊತೆಗೆ ಪ್ಲಾಸ್ಟಿಕ್ ಚಮಚ. ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿಗೆ ಹೀಗೆ ಕೊಡಬಾರದು ಅಂತ ದಿನವೂ ಚಾರಣಿಗರನ್ನು ಕಳಿಸುವ ಮನೆಯವರಿಗೆ ಹೇಳಬೇಕಾ? ಮನೆ ಹಿಂದೆಯೇ ಬಾಳೆತೋಟ ಇದೆ. ನಾನು ಅಲ್ಲೇ ನನ್ನ ಸ್ಟೀಲ್ ಡಬ್ಬಿಗೆ ಹಾಕಿಸಿಕೊಂಡೆ. ಇವೆರಡನ್ನೂ ಮನೆಯವರಿಗೆ ಫೋನ್ ಮಾಡಿ ಹೇಳಿದ್ದೇನೆ. ಬಾಳೆ ಎಲೆಯ ಮಾತಿಗೆ ಅಮ್ಮ ಕೂಡಲೇ ಒಪ್ಪಿದರು, ಜೀಪಿನ ವಿಷಯ ಮಗನ ಹತ್ತಿರ ಕೇಳಿ ಹೇಳುತ್ತೇನೆ ಅಂದಿದ್ದಾರೆ.