ಬಸ್‌ಮನೆ ಬಾಡಿಗೆಗೆ: ಕೊಡಗಿನ ತೋಟದ ದಾರಿಗೆ ಎಷ್ಟು ಒಗ್ಗುತ್ತದೆ?

ಕುಶಾಲನಗರದ ಕಡೆಯಿಂದ ಬಾಡಿಗೆಗೆ ಸಿಗುವ ಬಸ್‌ಮನೆ ಇದು. ಹಿಂದೆ ಶಾಲೆ ಮಕ್ಕಳನ್ನು ಹೊತ್ತು ತಿರುಗಿದ 25 ಸೀಟಿನ ಮಿನಿಬಸ್ಸು. ಈಗ ಸೀಟು ಕಿತ್ತು ನಾಲ್ವರಿಗೆ ಮಂಚ, ಅಡುಗೆ ಕಟ್ಟೆ, ಕಕ್ಕಸು, ತಲೆ ಮೇಲೆ ಸೋಲಾರ್ ಕೂರಿಸಿದ್ದಾರೆ. ದಿನಕ್ಕೆ 9,500 ರೂಪಾಯಿ, ಅದರಲ್ಲಿ 100 ಕಿ.ಮೀ. ಸೇರಿದೆ. ಹೆಚ್ಚು ಓಡಿದರೆ ಕಿ.ಮೀ.ಗೆ 22. ಡೀಸೆಲ್ ನಮ್ಮದು, ಡ್ರೈವರ್ ಬೇಕೆಂದರೆ ಬಾಟಾ 800, ಠೇವಣಿ 15,000. ದರದ ಬಗ್ಗೆ ತಕರಾರಿಲ್ಲ. ರಜೆ ದಿನ ನಾಲ್ಕು ಜನ ಎರಡು ಹೋಂಸ್ಟೇ ರೂಮು ಹಿಡಿದರೂ ಹೆಚ್ಚುಕಮ್ಮಿ ಇಷ್ಟೇ ಆಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಕಟ್ಟಿದವರು ಬಯಲುಸೀಮೆಯ ಬಿಸಿಲು ನೋಡಿ ಬಸ್ಸು ಕಟ್ಟಿದ್ದಾರೆ, ಇಲ್ಲಿ ಅದು ನಿಲ್ಲುವುದು ಸಿಲ್ವರ್ ಓಕ್ ಮರದ ನೆರಳಲ್ಲಿ, ಪರಿಚಯದವರು ಕಾಫಿ ಒಣಗಿಸುವ ಕಣದ ಪಕ್ಕ.

ಕಾಡಂಚಿನ ರಸ್ತೆಬದಿಯಲ್ಲಿ ರಾತ್ರಿ ನಿಲ್ಲಿಸುವ ಆಸೆ ಇದ್ದರೆ ಈಗಲೇ ಬಿಡಿ. ಆನೆಯೂ ಬಿಡುವುದಿಲ್ಲ, ಅರಣ್ಯ ಇಲಾಖೆಯೂ ಬಿಡುವುದಿಲ್ಲ. ತೋಟ ಇರುವ ಸ್ನೇಹಿತರು ಇದ್ದರಷ್ಟೇ ಈ ಬಸ್ಸಿಗೆ ಕೊಡಗಿನಲ್ಲಿ ಅರ್ಥ. ಹಾಗಾಗಿ ಈ ಬಸ್ಸು ತೋಟದೊಳಗೆ ಹೋಗಿ, ನಿಂತು, ಯಾರಿಗೂ ಹೊರೆಯಾಗದೆ ಹೊರಬರುತ್ತದೆಯೇ ಎಂಬುದನ್ನೇ ಇಲ್ಲಿ ನೋಡಿರುವುದು.

ಅಳತೆ ಸರಿಯಾಗಿದೆ. ಉದ್ದ 7 ಮೀಟರ್, ಅಗಲ ಕನ್ನಡಿ ಬಿಟ್ಟು 2.1, ಸೋಲಾರ್ ಸೇರಿ ಎತ್ತರ 3.05. ಹನ್ನೊಂದು ಹನ್ನೆರಡು ಮೀಟರಿನ ದೊಡ್ಡ ಬಸ್ಸು ಒಳಗೆ ಎಷ್ಟೇ ಚೆನ್ನಾಗಿದ್ದರೂ ತೋಟದ ಗೇಟಿನಲ್ಲಿ ತಿರುಗುವುದಿಲ್ಲ. ಟಾರು ರಸ್ತೆಯಿಂದ ನೇರ ಅಡ್ಡಕ್ಕೆ ಹೊರಳುವ ಹತ್ತಡಿ ಗೇಟು ಜೀಪಿನ ಲೆಕ್ಕಕ್ಕೆ ಇಟ್ಟದ್ದು. ಈ ಮಿನಿಬಸ್ಸು ಒಂದು ಸಲ ಹಿಂದೆ ಮುಂದೆ ಮಾಡಿದರೆ ಒಳಗೆ ಹೋಗುತ್ತದೆ. ಎತ್ತರವೇ ನಿಜವಾದ ಪೀಡೆ. ಕಂಬದಿಂದ ಆಳುಗಳ ಲೈನ್ ಮನೆಗೆ (ಸಾಲುಮನೆಗೆ) ಎಳೆದ ಸರ್ವಿಸ್ ವೈರು ದಾರಿಗೆ ಅಡ್ಡ ಜೋತಿರುತ್ತದೆ. ಮೂರೂವರೆ ಮೀಟರ್ ಖಾಲಿ ಇದೆಯೇ ಎಂದು ಮನೆಯವರನ್ನು ಫೋನಿನಲ್ಲೇ ಕೇಳಿಕೊಳ್ಳಿ. ಬಿದಿರಿನ ಗಳದಲ್ಲಿ ತಂತಿ ಎತ್ತಿ ಬಸ್ಸು ದಾಟಿಸುವ ಸಾಹಸ ಮಾತ್ರ ಬೇಡ, ನೆನೆದ ಬಿದಿರು ಶಾಕ್ ಹೊಡೆಯುತ್ತದೆ.

ಕಾಗದಪತ್ರ ಒಂದೇ ಮಾತಿನಲ್ಲಿ: ಹಳದಿ ಬೋರ್ಡ್ ಇದೆ, ಆರ್‌ಸಿಯಲ್ಲಿ ಬಾಡಿ ಬದಲಾವಣೆ ನಮೂದಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆ ನಮೂದು ಇರಲೇಬೇಕು, ಅದಿಲ್ಲದ ಬಸ್‌ಮನೆ ಅಪಘಾತವಾದರೆ ವಿಮೆ ಕಂಪನಿ ಕೈಕೊಡಲು ಅದೇ ನೆಪ ಸಾಕು. ಬಿಳಿ ಬೋರ್ಡಿನಲ್ಲಿ ಕಡಿಮೆ ದರಕ್ಕೆ ಕೊಡುತ್ತೇವೆ ಎನ್ನುವವರಿದ್ದಾರೆ, ಅತ್ತ ಹೋಗಬೇಡಿ. ಒಟ್ಟು ತೂಕ 7,500 ಕೆ.ಜಿ. ಒಳಗಿರುವುದರಿಂದ ಓಡಿಸಲು ಕಾರಿನಂಥ ಲಘು ವಾಹನದ ಎಲ್‌ಎಂವಿ ಲೈಸೆನ್ಸ್ ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಇದನ್ನು ಎತ್ತಿಹಿಡಿದಿದೆ.

ಓಡಿಸಲು ಹಗುರ, ನಿಲ್ಲಿಸಲು ಭಾರ. 200 ಲೀಟರ್ ನೀರಿನ ಟ್ಯಾಂಕನ್ನು ಹಿಂದಿನ ಆಕ್ಸಲ್ ಮೇಲೆಯೇ ಕೂರಿಸಿರುವುದು ಬುದ್ಧಿವಂತಿಕೆ. ತೀರಾ ಹಿಂದೆ ಇಟ್ಟಿದ್ದರೆ ಏರಿನಲ್ಲಿ ಮುಂಭಾಗ ಹಗುರಾಗಿ ಸ್ಟೇರಿಂಗ್ ತೇಲುತ್ತಿತ್ತು. ಆದರೆ ನಾಲ್ಕೂ ಚಕ್ರ ಡ್ರಮ್ ಬ್ರೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಎರಡನೇ ಮೂರನೇ ಗೇರಿನಲ್ಲೇ ಇರಬೇಕು. ಬ್ರೇಕು ಒತ್ತಿ ಹಿಡಿದುಕೊಂಡೇ ಇಳಿದರೆ ಅರ್ಧ ದಾರಿಗೆ ಸುಟ್ಟ ವಾಸನೆ ಬರುತ್ತದೆ, ಪೆಡಲು ಮೆತ್ತಗಾಗುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ. ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟದ ಕಡೆಗೂ ಇದೇ ಕ್ರಮ. 2018ರ ಆಗಸ್ಟಿನಲ್ಲಿ ಸಂಪಾಜೆ ದಾರಿಯ ಗುಡ್ಡ ಹೇಗೆ ಕುಸಿಯಿತೆಂದು ನೋಡಿದವರಿಗೆ ಹೇಳಬೇಕಿಲ್ಲ, ಜೋರು ಮಳೆಯ ರಾತ್ರಿ ಘಾಟಿ ಇಳಿಯುವ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬೇಡಿ. ತೋಟದ ಏರಿನಲ್ಲಿ ರಿವರ್ಸ್ ಹೋಗುವುದು ಕ್ಲಚ್ಚಿನ ಪಾಲಿಗೆ ಶತ್ರು. ಆದಷ್ಟೂ ಮೂತಿ ಕೆಳಗೆ ಮಾಡಿ ಇಳಿದು ನಿಲ್ಲಿಸುವುದರ ಬದಲು, ಮೊದಲೇ ತಿರುಗಿಸಿಕೊಂಡು ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಕೆಂಪು ಮಣ್ಣು ಸೋಪಿನ ಹಾಗಿರುತ್ತದೆ. ಕಂಪನಿಯವರು ಮುಂದೆ ಟೋ ಹುಕ್ ಕೊಟ್ಟಿದ್ದಾರೆ, ಹಿಂದೆ ಕೊಟ್ಟಿಲ್ಲ. ಟ್ರ್ಯಾಕ್ಟರ್ ತಂದವರು ಹಿಂದಿನಿಂದ ಎಳೆಯಬೇಕಾಗಿ ಬಂದರೆ ಬಂಪರಿಗೆ ಹಗ್ಗ ಕಟ್ಟುತ್ತಾರೆ, ಬಂಪರು ಕಿತ್ತು ಬರುತ್ತದೆ.

ಈಗ ಕರೆಂಟಿಗೆ ಬರೋಣ. ದರಪಟ್ಟಿಯಲ್ಲಿ ‘400 ವ್ಯಾಟ್ ಸೋಲಾರ್, ಕರೆಂಟಿನ ಚಿಂತೆಯಿಲ್ಲ’ ಎಂದಿದೆ. ಜನವರಿಯ ಬಿಸಿಲಲ್ಲಿ, ಬಯಲಲ್ಲಿ ನಿಂತರೆ ದಿನಕ್ಕೆ ಒಂದೂವರೆ ಯೂನಿಟ್ (1,500 ವ್ಯಾಟ್ ಅವರ್) ಬರುವುದು ನಿಜ. ಮರದ ನೆರಳಿಗೆ ಹೋದರೆ ಅದರ ಕಾಲು ಭಾಗವೂ ಬರದು, ಮಳೆಗಾಲದಲ್ಲಂತೂ ಕೇಳಲೇಬೇಡಿ. ಅದರ ಮೇಲೆ 200 ವ್ಯಾಟಿನ ಎರಡು ಪ್ಯಾನೆಲ್ಲನ್ನು ಸೀರೀಸಿನಲ್ಲಿ ಜೋಡಿಸಿದ್ದಾರೆ. ಒಂದರ ಮೇಲೆ ರೆಂಬೆಯ ನೆರಳು ಬಿದ್ದರೆ ಇನ್ನೊಂದೂ ಸೊರಗುತ್ತದೆ. ಪ್ಯಾರಲಲ್ ಮಾಡಿದ್ದರೆ ಬಿಸಿಲಿನಲ್ಲಿರುವುದಾದರೂ ತನ್ನ ಪಾಲು ಕೊಡುತ್ತಿತ್ತು. ಎರಡು ವೈರು ಬದಲಿಸುವ ಕೆಲಸ ಅದು.

ಬ್ಯಾಟರಿ ಒಳ್ಳೆಯದು: 12.8 ವೋಲ್ಟ್, 100 ಆಂಪಿಯರ್ ಅವರಿನ ಎರಡು ಲಿಥಿಯಂ ಐರನ್ ಫಾಸ್ಫೇಟ್. ಬಳಕೆಗೆ ಸುಮಾರು ಎರಡು ಯೂನಿಟ್ ಸಿಗುತ್ತದೆ. ಫ್ರಿಜ್ಜು ದಿನಕ್ಕೆ 430 ವ್ಯಾಟ್ ಅವರ್, ಫ್ಯಾನ್ ಎಂಟು ಗಂಟೆಗೆ 200, ದೀಪ 90, ಫೋನು, ಲ್ಯಾಪ್‌ಟಾಪ್ 150, ಪಂಪು 30. ಕೂಡಿದರೆ 900. ಅಂದರೆ ಬಿಸಿಲೇ ಇಲ್ಲದಿದ್ದರೂ ಎರಡು ದಿನ ನೂಕಬಹುದು. ಮೂರನೇ ದಿನಕ್ಕೆ ಎಂಜಿನ್ನಿನಿಂದ ತುಂಬಿಸಬೇಕು. ಅದಕ್ಕೆ 30 ಆಂಪಿಯರ್ ಚಾರ್ಜರ್ ಇದೆ. ಕುಶಾಲನಗರದಿಂದ ಮಡಿಕೇರಿ ಹತ್ತುವ ಒಂದು ಗಂಟೆಯಲ್ಲಿ 400 ವ್ಯಾಟ್ ಅವರ್ ಬ್ಯಾಟರಿಗೆ ಹೋಗುತ್ತದೆ, ಫ್ರಿಜ್ಜಿನ ಒಂದು ದಿನದ ಊಟ. ಇನ್ವರ್ಟರ್ 1,000 ವ್ಯಾಟ್ ಮಾತ್ರ. ಕೆಟಲ್ ಹಾಕಿದರೆ ಕೀಂ ಎಂದು ಕೂಗಿ ಆಫ್ ಆಗುತ್ತದೆ.

ಮನೆಯಿಂದ ಕರೆಂಟು ಎಳೆದರೆ ಎಲ್ಲ ಸುಲಭ ಎನಿಸಬಹುದು. ತೋಟದ ಕೊನೆಯ ಕಂಬದಲ್ಲಿ ಸಂಜೆ ಏಳಕ್ಕೆ ವೋಲ್ಟೇಜು 170, 180ಕ್ಕೆ ಇಳಿಯುವುದುಂಟು. ಈ ಬಸ್ಸಿನ ಚಾರ್ಜರು 190ರ ಕೆಳಗೆ ಕೆಲಸವೇ ಮಾಡುವುದಿಲ್ಲ. ರಾತ್ರಿ ಹತ್ತರ ಮೇಲೆ ಪಂಪ್‌ಸೆಟ್ಟು, ಗೀಸರು ನಿಂತ ಮೇಲೆ ಪ್ಲಗ್ ಹಾಕಿ. ಕೊಟ್ಟಿರುವ ವೈರು 25 ಮೀಟರ್, 2.5 ಚದರ ಮಿ.ಮೀ., ಮೂರು ಕೋರಿನದು, ಗುಣಮಟ್ಟ ಚೆನ್ನಾಗಿದೆ. ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗಿ ಕರಗುತ್ತದೆ. ಹಳೆಯ ಮನೆಗಳಲ್ಲಿ ಅರ್ತಿಂಗ್ ಸತ್ತಿರುತ್ತದೆ. ಬಾಗಿಲ ಹಿಡಿ ಮುಟ್ಟಿದಾಗ ಕೈ ಜುಮ್ಮೆಂದರೆ ಪ್ಲಗ್ ಕೀಳಿ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಅಂದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿರುವುದಕ್ಕೆ ಕಂಪನಿಗೆ ಒಂದು ಅಂಕ ಹೆಚ್ಚು. ಬೆಳಿಗ್ಗೆ ಹೊರಡುವಾಗ ಎರಡು ಯೂನಿಟ್ಟಿನ ದುಡ್ಡು ಕೊಡಲು ಹೋದರೆ ಯಾರೂ ತೆಗೆದುಕೊಳ್ಳುವುದಿಲ್ಲ, ಬದಲಿಗೆ ಕುಶಾಲನಗರದಿಂದ ತರಕಾರಿ ತಂದುಕೊಡಿ.

ತೇವದ ವಿಷಯದಲ್ಲಿ ಬಸ್ಸು ಪಾಸಾಗುವುದಿಲ್ಲ. ನಾಲ್ವರ ಉಸಿರಿನಿಂದಲೇ ರಾತ್ರಿಗೆ ಸುಮಾರು ಒಂದು ಲೀಟರ್ ನೀರು ಗಾಳಿಗೆ ಸೇರುತ್ತದೆ. ಒಂದು ಕೆ.ಜಿ. ಗ್ಯಾಸು ಉರಿದರೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಅದೆಲ್ಲ ತಣ್ಣನೆಯ ತಗಡಿಗೆ ಬಡಿದು ಬೆವರಾಗಿ ಇಳಿಯುತ್ತದೆ. ಗೋಡೆಗೆ ನೈಟ್ರೈಲ್ ರಬ್ಬರ್ ಹಾಳೆ ಅಂಟಿಸಿದ್ದಾರೆ, ಸರಿ. ಆದರೆ ಕಿಟಕಿಯ ಸುತ್ತಿನ ಕಬ್ಬಿಣ ಬರಿಮೈ, ಬೆಳಿಗ್ಗೆ ಅಲ್ಲಿಂದ ದಿಂಬಿಗೆ ತೊಟ್ಟಿಕ್ಕುತ್ತದೆ. ಮಂಚದ ಹಲಗೆಗೆ ತೂತಿಲ್ಲ, ಮೇಲೆ ತೆಂಗಿನ ನಾರಿನ ಹಾಸಿಗೆ. ಎತ್ತಿ ನೋಡಿದರೆ ಅಡಿಯಲ್ಲಿ ಬೂದುಬಣ್ಣದ ಬೂಷ್ಟು, ನಾಣ್ಯದಷ್ಟು ದೊಡ್ಡ ಚುಕ್ಕೆಗಳು. ಪಟ್ಟಿಪಟ್ಟಿಯಾಗಿ ಹಲಗೆ ಹೊಡೆದು ಗಾಳಿ ಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಬಾಗಿಲ ಬಳಿಯ ನೆಲದ ಪ್ಲೈವುಡ್ ಉಬ್ಬಿ ಪದರ ಬಿಟ್ಟಿದೆ. ಅದು ಎಂಆರ್ ದರ್ಜೆಯ ಪ್ಲೈ, ತೇವ ತಡೆದೀತು, ನೀರು ತಡೆಯದು. ಮಳೆನಾಡಿನಲ್ಲಿ ಐಎಸ್ 710 ಮುದ್ರೆಯ ಮರೀನ್ ಪ್ಲೈ ಬಿಟ್ಟು ಬೇರೆ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ. ಸೋಲಾರ್ ಕಾಲಿನ ತೂತುಗಳಿಗೆ ಸಿಲಿಕೋನ್ ಮೆತ್ತಿದ್ದಾರೆ, ಒಂದು ಕಡೆ ಸಿಪ್ಪೆ ಎದ್ದಿದೆ. ಪಾಲಿಯುರಿಥೇನ್ ಸೀಲೆಂಟ್ ಹಾಕಬೇಕಿತ್ತು.

ಬಾಡಿಗೆಗೆ ಪಡೆದವರು ಮಾಡಬಹುದಾದದ್ದು ಇಷ್ಟು: ಮಳೆ ಇದ್ದರೂ ಎದುರು ಬದುರಿನ ಎರಡು ಕಿಟಕಿ ಒಂದೊಂದು ಅಂಗುಲ ತೆರೆದಿಟ್ಟು, ಚಾವಣಿಯ ಫ್ಯಾನನ್ನು ಗಾಳಿ ಹೊರಗೆ ಎಳೆಯುವಂತೆ ನಿಧಾನಕ್ಕೆ ಓಡಿಸಿ. ಚಳಿ ಎಂದು ಕೆಂಡದ ಅಗ್ಗಿಷ್ಟಿಕೆ ಒಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಈ ಬಸ್ಸಿನಲ್ಲಿಲ್ಲ, ಇರಬೇಕಿತ್ತು. ಮೆಟ್ಟಿಲ ಬಳಿ ದಪ್ಪ ಕಾಲೊರಸು ಹಾಕಿ, ಇಲ್ಲದಿದ್ದರೆ ಇಂಬಳ ನಿಮಗಿಂತ ಮೊದಲು ಮಂಚ ಹತ್ತುತ್ತದೆ.

ಅಡುಗೆ ಕಟ್ಟೆ ಚೊಕ್ಕ. 5 ಕೆ.ಜಿ. ಸಿಲಿಂಡರಿನ ಪೆಟ್ಟಿಗೆ ಹೊರಗಿನಿಂದ ತೆರೆಯುತ್ತದೆ, ತಳದಲ್ಲಿ ತೂತು ಇದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದುಹೋಗಬೇಕು, ಅದನ್ನು ಸರಿಯಾಗಿ ಮಾಡಿದ್ದಾರೆ. ಕಟ್ಟೆಯನ್ನು ಮಾತ್ರ ಗೋಡೆಗೆ ನಾಲ್ಕು ಸ್ಕ್ರೂನಲ್ಲಿ ನೇತುಹಾಕಿದ್ದಾರೆ. ನೂಲ್‌ಪುಟ್ಟು (ಒತ್ತು ಶ್ಯಾವಿಗೆ) ಒತ್ತಲು ಹೋದರೆ ಕಟ್ಟೆಯೇ ಒತ್ತಿಕೊಳ್ಳುತ್ತದೆ. ಪಾತ್ರೆಗಳು ಅಲ್ಯೂಮಿನಿಯಂ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕುವ ಅಡುಗೆಗೆ ಅವು ಆಗುವುದಿಲ್ಲ, ಸ್ಟೀಲೋ ಮಣ್ಣಿನದೋ ಜೊತೆಗಿರಲಿ. ಪಂದಿಕರಿ (ಹಂದಿಮಾಂಸದ ಅಡುಗೆ) ಒಂದೂವರೆ ಗಂಟೆ ಬೇಯುವ ಪದಾರ್ಥ, ಅದನ್ನು ಹೊರಗೆ ಒಲೆ ಹೂಡಿ ಮಾಡಿ. ಒಳಗೆ ಮಾಡಿದರೆ ಕಂಬಳಿ ಮೂರು ದಿನ ಘಮಘಮ.

ನೀರು ನಾಲ್ವರಿಗೆ ಎರಡು ದಿನ. ತೋಟದ ಪೈಪಿನಿಂದ ತುಂಬಿಸಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಟ್ಯಾಂಕಿನ ಬಾಯಿಗೆ ಬಟ್ಟೆ ಕಟ್ಟಿ, ಕಸ ಹೋದರೆ ಪಂಪಿನ ಜರಡಿ ಕಟ್ಟಿಕೊಂಡು ನಲ್ಲಿ ಉಗುಳಲು ಶುರುಮಾಡುತ್ತದೆ. ಜರಡಿಯ ಪಾರದರ್ಶಕ ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ತೊಳೆಯಬಹುದು. ಸೋಪು ನೀರನ್ನು ತೋಡಿಗೆ ಬಿಡಬೇಡಿ. ಕಕ್ಕಸಿನ ಕ್ಯಾಸೆಟ್, ಅಂದರೆ ಎಳೆದು ತೆಗೆದು ಖಾಲಿ ಮಾಡುವ ತೊಟ್ಟಿ, 20 ಲೀಟರ್, ಅದೂ ಎರಡೇ ದಿನ. ಕಂಪನಿ ಕೊಡುವ ನೀಲಿ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇದೆ. ಸ್ನೇಹಿತರ ಸೆಪ್ಟಿಕ್ ಟ್ಯಾಂಕಿಗೆ ಅದನ್ನು ಸುರಿದರೆ ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ, ತಿಂಗಳ ನಂತರ ನಾತ ಅವರ ಪಾಲಿಗೆ. ಅದಿಲ್ಲದ ದ್ರಾವಣ ಕೇಳಿ ಪಡೆಯಿರಿ.

ನಿಲ್ಲಿಸುವ ಜಾಗದ ವಿಷಯ. ಸಮತಟ್ಟು ಎಂದರೆ ಎಲ್ಲರ ಕಣ್ಣೂ ಕಣಕ್ಕೇ ಹೋಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಕೇಳುವುದೇ ತಪ್ಪು. ಉಳಿದ ತಿಂಗಳಲ್ಲಿ ಖಾಲಿ ಇದ್ದರೂ ಸಿಮೆಂಟು ಎಷ್ಟು ದಪ್ಪ ಎಂದು ತಿಳಿಯದೆ ಹತ್ತಿಸಬೇಡಿ. ಕಾಫಿ ಹರವಲೆಂದು ಹಾಕಿದ ತೆಳು ಕಾಂಕ್ರೀಟು ಐದು ಟನ್ ಬಸ್ಸಿಗಲ್ಲ, ಅಂಚು ಸೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಎಣ್ಣೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಕಣದಲ್ಲಿ ಡೀಸೆಲ್ಲಿನ ಕಲೆ ಉಳಿದರೆ ಮುಂದೆ ಹಣ್ಣಿನ ಸಿಪ್ಪೆ ತೆಗೆದು ಒಣಹಾಕುವ ಪಾರ್ಚ್‌ಮೆಂಟಿಗೆ ಅದರ ವಾಸನೆ ಹತ್ತುತ್ತದೆ. ಈ ಬಸ್ಸಿನ ಗೇರ್‌ಬಾಕ್ಸಿನ ಕೆಳಗೆ ರಾತ್ರಿಗೆ ಆರೇಳು ಹನಿ ಬೀಳುತ್ತದೆ. ತಗಡಿನ ಟ್ರೇ ಕೊಟ್ಟಿಲ್ಲ, ರಟ್ಟಿನ ಮೇಲೆ ಮರಳು ಹಾಕಿ ಇಡಿ. ಶೆಡ್ಡಿನ ಪಕ್ಕದ ಜಲ್ಲಿ ಹಾಕಿದ ಜಾಗವೇ ಮೇಲು. ತಗ್ಗಿನ ಕಡೆ ಚಕ್ರದ ಕೆಳಗೆ ಎರಡಂಗುಲದ ಹಲಗೆ, ಎರಡೂ ಹಿಂದಿನ ಚಕ್ರಕ್ಕೆ ಅಡ್ಡ ಮರದ ತುಂಡು. ತಲೆ ಏರಿನ ಕಡೆಗೆ ಬರುವಂತೆ ಮಲಗಿ. ಎಲ್ಲಿ ನಿಲ್ಲಿಸಿದ್ದೇವೆಂದು ಮಾಲೀಕರಿಗಷ್ಟೇ ಅಲ್ಲ, ಆಳುಗಳ ಲೆಕ್ಕ ನೋಡುವ ತೋಟದ ರೈಟರಿಗೂ ಒಂದು ಮಾತು ಹೇಳಿ. ಬೆಳಿಗ್ಗೆ ಆಳುಗಳ ಜೀಪು ಬರುವ ದಾರಿ ಯಾವುದೆಂದು ಗೊತ್ತಿರುವುದು ಅವರಿಗೇ.

ಸಿದ್ದಾಪುರ, ಪಾಲಿಬೆಟ್ಟ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಹಲಸು, ಬಾಳೆಹಣ್ಣು ಬಸ್ಸಿನೊಳಗೆ ಇಡಬೇಡಿ. ವಾಸನೆಗೆ ಆನೆ ಬರುತ್ತದೆ, ಈ ಬಸ್ಸಿನ ಗೋಡೆ ಒಂದು ಮಿಲಿಮೀಟರಿನ ತಗಡು. ಸೋಲಾರ್ ಬೇಲಿಯ ಗೇಟು ದಾಟಿದ ಮೇಲೆ ಮತ್ತೆ ಸಿಕ್ಕಿಸಿ ಬನ್ನಿ. ಕುಟ್ಟದಿಂದ ನಾಗರಹೊಳೆ ದಾಟುವ ದಾರಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್, ಈ ಬಸ್ಸಿನ ವೇಗಕ್ಕೆ ನಾಲ್ಕೂವರೆಗೇ ಗೇಟು ಮುಟ್ಟುವ ಲೆಕ್ಕ ಇಟ್ಟುಕೊಳ್ಳಿ.

ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಐದಕ್ಕೆ ಮೂರೂವರೆ ಕೊಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ಗೆ ಎರಡರ ಮೇಲೆ ಏಳುವುದಿಲ್ಲ. ಹಾಸಿಗೆ ಬದಲಿಸಿ, ಪ್ಯಾನೆಲ್ ಜೋಡಣೆ ತಿದ್ದಿದರೆ ಮಳೆಗಾಲದ್ದೂ ಮೂರಾಗುತ್ತದೆ.

ಬಸ್ಸು ಕೈಗೆ ತೆಗೆದುಕೊಳ್ಳುವಾಗ ಎಡ ಪಕ್ಕದ ಗೀರುಗಳ ಫೋಟೊ ತೆಗೆದಿಡಿ. ಕಾಫಿ ಗಿಡದ ರೆಂಬೆ, ಮೆಣಸಿನ ಬಳ್ಳಿಯ ಮರ ತಗುಲಿದ್ದಕ್ಕೆಲ್ಲ ಠೇವಣಿಯಲ್ಲಿ ಮುರಿಯುತ್ತಾರೆ, ಹಳೆಯ ಗೀರು ಯಾವುದು ಹೊಸದು ಯಾವುದೆಂದು ಅವರ ಪಟ್ಟಿಯಲ್ಲಿ ಬರೆದಿಲ್ಲ. ಕ್ಯಾಸೆಟ್ ತೊಳೆಯದೆ ವಾಪಸ್ ಕೊಟ್ಟರೆ 1,500 ರೂಪಾಯಿ ಬೇರೆ.