ದುರ್ಗದ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರೇ, ಹತ್ತೂವರೆಗೆ ಹತ್ತಲು ಶುರು ಮಾಡಬೇಡಿ

ಬೇಸಿಗೆ ರಜೆಯ ಒಂದು ಭಾನುವಾರ. ದಾವಣಗೆರೆ ಕಡೆಯಿಂದ ಬಂದ ಕುಟುಂಬ: ಅಪ್ಪ, ಅಮ್ಮ, ಅಜ್ಜಿ, ಹತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ. ಬೆಣ್ಣೆದೋಸೆ ತಿಂದು ನಿಧಾನಕ್ಕೆ ಹೊರಟು ಚಿತ್ರದುರ್ಗದ ಕೋಟೆ ಬಾಗಿಲಲ್ಲಿ ಟಿಕೆಟ್ ತಗೊಂಡಾಗ ಹತ್ತೂವರೆ. ಐದು ಜನಕ್ಕೆ ಒಂದೇ ಲೀಟರ್ ನೀರು, ಪ್ಲಾಸ್ಟಿಕ್ ಕವರಿನಲ್ಲಿ ಚಿತ್ರಾನ್ನ ಮತ್ತು ಬಾಳೆಹಣ್ಣು. ಎರಡೂವರೆಗೆ ಕೆಳಗಿಳಿದಾಗ ಹುಡುಗಿ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಹುಡುಗನ ಮೊಣಕಾಲು, ಅಂಗೈ ಎರಡೂ ತರಚಿದ್ದವು. ಅಜ್ಜಿಯ ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ, ಕಾದ ಕಲ್ಲಿನ ಮೇಲೆ ಪಾದಕ್ಕೆ ಟವೆಲ್ ಸುತ್ತಿಕೊಂಡು ಬಂದರು. ಬುತ್ತಿ ಕೋತಿಗಳ ಪಾಲು. ಮಕ್ಕಳು ಯಾವುದನ್ನು ನೋಡಬೇಕೆಂದು ಹಟ ಹಿಡಿದು ಬಂದಿದ್ದರೋ ಆ ಓಬವ್ವನ ಕಿಂಡಿಯನ್ನು ನೋಡಲೇ ಇಲ್ಲ.

ರಜೆ ದಿನಗಳಲ್ಲಿ ಇಂಥ ಕುಟುಂಬಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಎಲ್ಲರದ್ದೂ ಒಂದೇ ತಪ್ಪು, ಕೋಟೆಯನ್ನು ಪಾರ್ಕು ಅಂದುಕೊಳ್ಳುವುದು. ಹತ್ತಿ ಬರುವ ಶತ್ರು ದಣಿದು ದಿಕ್ಕು ತಪ್ಪಲಿ ಎಂದೇ ದುರ್ಗವನ್ನಾಳಿದ ನಾಯಕರು ಈ ಏಳು ಸುತ್ತಿನ ಗೋಡೆಗಳನ್ನು ಕಟ್ಟಿಸಿದ್ದು. ಒಂದು ಬಾಗಿಲು ದಾಟಿದರೆ ಮುಂದಿನ ಬಾಗಿಲು ನೇರಕ್ಕೆ ಸಿಗುವುದಿಲ್ಲ. ದಾರಿ ತಿರುಚಿಕೊಂಡು ಹೋಗುತ್ತದೆ, ಆನೆ ಓಡಿ ಬಂದು ಗುದ್ದಲು ಜಾಗ ಸಿಗಬಾರದಲ್ಲ. ಮೆಟ್ಟಿಲುಗಳ ಎತ್ತರ ಒಂದರಂತೆ ಒಂದಿಲ್ಲ. ದೊಡ್ಡವರ ಕಾಲು ಹೇಗೋ ಹೊಂದಿಸಿಕೊಳ್ಳುತ್ತದೆ. ಐದು ವರ್ಷದ ಮಗುವಿಗೆ ಕೆಲವು ಮೆಟ್ಟಿಲು ಮೊಣಕಾಲಿಗಿಂತ ಮೇಲೆ ಬರುತ್ತವೆ, ಅಲ್ಲಿ ಅದು ಕೈ ಊರಿಯೇ ಹತ್ತಬೇಕು. ಅರ್ಧ ದಾರಿಗೆ ಎತ್ತಿಕೋ ಅನ್ನುತ್ತದೆ. ಆಮೇಲೆ ಅಪ್ಪನ ಒಂದು ಕೈ ಮಗುವಿಗೆ, ಇನ್ನೊಂದು ಚೀಲಕ್ಕೆ, ಇನ್ನೊಂದು ಮಗುವನ್ನು ಹಿಡಿಯಲು ಕೈಯೇ ಇಲ್ಲ.

ಮೊದಲ ಮಾತು ಹೊತ್ತಿನದು. ಬಾಗಿಲು ಬೆಳಿಗ್ಗೆ 6ಕ್ಕೆ ತೆಗೆಯುತ್ತದೆ. ಆರೂವರೆಗೆ ಒಳಗೆ ಕಾಲಿಟ್ಟರೆ ಎಂಟರ ಸುಮಾರಿಗೆ ಮೇಲುದುರ್ಗದಲ್ಲಿರುತ್ತೀರಿ, ಹತ್ತರ ಹೊತ್ತಿಗೆ ಇಳಿದು ತಿಂಡಿಗೆ ಕೂರಬಹುದು. ಇಲ್ಲಿನ ಗ್ರಾನೈಟ್ ಬಂಡೆ ಬೆಳಗಿನ ಬಿಸಿಲನ್ನೆಲ್ಲ ಕುಡಿದು ಹನ್ನೊಂದರ ನಂತರ ಕಾವಲಿಯಂತೆ ಕಾಯುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಝಳ. ಎತ್ತರ ಕಡಿಮೆ ಇರುವ ಮಕ್ಕಳು ಆ ಝಳಕ್ಕೇ ಹತ್ತಿರ. ದುರ್ಗದ ಗಾಳಿ ಬೇರೆ ಮೋಸ ಮಾಡುತ್ತದೆ. ಬೀಸುತ್ತಲೇ ಇರುವುದರಿಂದ ಬೆವರು ಆಗಿಂದಾಗ್ಗೆ ಒಣಗಿ ಮಗು ಎಷ್ಟು ನೀರು ಕಳೆದುಕೊಂಡಿದೆ ಎಂಬುದು ಗೊತ್ತೇ ಆಗುವುದಿಲ್ಲ. ಸಂಜೆ ನಾಲ್ಕಕ್ಕೆ ಹತ್ತುತ್ತೇವೆ ಅನ್ನುವವರು ಇನ್ನೊಂದು ಲೆಕ್ಕ ಹಾಕಬೇಕು: 6ಕ್ಕೆ ಬಾಗಿಲು ಹಾಕುತ್ತಾರೆ. ಆತುರದಲ್ಲಿ ಇಳಿಯುವಾಗಲೇ ಕಾಲು ಜಾರುವುದು.

ನೀರು ದೊಡ್ಡವರಿಗೆ ತಲಾ ಒಂದೂವರೆ ಲೀಟರ್, ಮಕ್ಕಳಿಗೆ ತಲಾ ಒಂದು ಲೀಟರ್ ಇರಲಿ. ಬಾಗಿಲ ಹೊರಗೇ ತುಂಬಿಸಿಕೊಳ್ಳಿ, ಶೌಚಾಲಯವನ್ನೂ ಕೆಳಗೇ ಮುಗಿಸಿಕೊಳ್ಳಿ. ಓಆರ್‌ಎಸ್ ಪೊಟ್ಟಣವಿದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಇಲ್ಲದಿದ್ದರೆ ಮನೆಯಲ್ಲೇ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ ತನ್ನಿ. ಬಾಯಾರಿಕೆ ಅನ್ನುವವರೆಗೆ ಕಾಯದೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಸಿ. ಮಗು ಮಂಕಾಗಿ ಕೂತರೆ, ತಲೆನೋವು ಅಂದರೆ, ವಾಂತಿ ಮಾಡಿದರೆ ಅಲ್ಲಿಗೆ ಪ್ರವಾಸ ಮುಗಿಯಿತು. ನೆರಳಿಗೆ ಕರೆದೊಯ್ದು ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಮೈ ಸುಡುತ್ತಾ ಮಾತು ತೊದಲಿದರೆ ಬಾಯಿಗೆ ನೀರು ಸುರಿಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಹುಡುಗ ಬಿದ್ದದ್ದು ಬಂಡೆಯ ಮೇಲೆ. ತುಪ್ಪದ ಕೊಳದ ಬತೇರಿ ಎಂಬ ಎತ್ತರದ ಕಾವಲು ಬುರುಜಿಗೆ ಹತ್ತಲು ಬಂಡೆಯಲ್ಲೇ ಕೊರೆದ ಚಿಕ್ಕ ಚಿಕ್ಕ ಗುಳಿಗಳಿವೆ. ಹತ್ತುವಾಗ ಗುಳಿ ಕಣ್ಣೆದುರೇ ಇರುತ್ತದೆ, ಮಕ್ಕಳು ಬೆಕ್ಕಿನ ಮರಿಯಂತೆ ಸರಸರ ಏರಿಬಿಡುತ್ತಾರೆ. ಇಳಿಯುವಾಗ ಕೆಳಗಿನ ಗುಳಿ ಕಾಣುವುದಿಲ್ಲ. ಪಾದದಿಂದ ತಡವಿ ಹುಡುಕಬೇಕು. ಸವೆದು ನುಣುಪಾದ ಅಂಚಿನ ಮೇಲೆ ಬೆರಳ ತುದಿ ಮಾತ್ರ ಕೂರುತ್ತದೆ, ಹಿಮ್ಮಡಿ ಗಾಳಿಯಲ್ಲಿ. ಮಗುವಿನ ಕಾಲು ಅಷ್ಟು ಉದ್ದವೂ ಇರುವುದಿಲ್ಲ. ಅಷ್ಟೊತ್ತಿಗೆ ಕೆಳಗೆ ನೋಡಿ ಹೆದರಿಕೊಂಡಿರುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ಹತ್ತಿಸಲೇಬೇಡಿ, ಮಳೆ ಹನಿದಿದ್ದರೆ ನೀವೂ ಹತ್ತಬೇಡಿ. ಗೊತ್ತಾಗದೆ ಏರಿಬಿಟ್ಟಿದ್ದರೆ ಮುಖ ಬಂಡೆಗೆ ಮಾಡಿಸಿ, ದೊಡ್ಡವರೊಬ್ಬರು ಕೆಳಗಿನ ಗುಳಿಯಲ್ಲಿ ಗಟ್ಟಿಯಾಗಿ ನಿಂತು ಮಗುವಿನ ಪಾದವನ್ನು ಕೈಯಿಂದ ಹಿಡಿದು ಒಂದೊಂದೇ ಗುಳಿಗೆ ಇಡಿಸುತ್ತಾ ಇಳಿಸಿ. ಕೋತಿರಾಜ ಎಂದೇ ಹೆಸರಾದ ಸಾಹಸಿ ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆ ಗೋಡೆ ಹತ್ತುವುದನ್ನು ವಿಡಿಯೋದಲ್ಲಿ ನೋಡಿ ಬಂದ ಹುಡುಗರ ಮೇಲೆ ಎರಡು ಕಣ್ಣಿರಲಿ. ಅವರು ಗೋಡೆ ಕಂಡ ಕೂಡಲೇ ಕೈ ಹಾಕುತ್ತಾರೆ.

ಕಾಲಿಗೆ ರಬ್ಬರ್ ಅಟ್ಟೆಯ, ಹಿಮ್ಮಡಿ ಹಿಡಿಯುವ ಶೂ. ಹವಾಯಿ ಚಪ್ಪಲಿ, ಸವೆದ ಅಟ್ಟೆಯ ಚಪ್ಪಲಿ ಎರಡೂ ಬೇಡ.

ಹೊಂಡಗಳ ವಿಷಯ ಬಿಡಿಸಿ ಹೇಳಲೇಬೇಕು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಮಳೆನೀರು ಹಿಡಿದಿಡಲು ಮಾಡಿದವು. ಒಂದು ತುಂಬಿ ಹರಿದ ನೀರು ಇನ್ನೊಂದಕ್ಕೆ ಸೇರುವಂತೆ ಜೋಡಿಸಿದ ಆ ಜಾಣ್ಮೆಗೇ ಈ ಒಣ ಗುಡ್ಡದ ಮೇಲೆ ಸೈನ್ಯ ಬದುಕಿದ್ದು. ಮಕ್ಕಳಿಗೆ ತೋರಿಸಬೇಕಾದದ್ದೇ, ಆದರೆ ದೂರದಿಂದ. ನೀರಿನೊಳಗೆ ಮುಳುಗಿದ ಮೆಟ್ಟಿಲಿನ ಮೇಲೆ ಪಾಚಿ ಇರುತ್ತದೆ. ಕಾಲು ತೊಳೆಯಲು ಇಳಿದವರು ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹೊಂಡದ ಅಂಚಿನಲ್ಲಿ ಸೆಲ್ಫಿ ತೆಗೆಯುವಾಗ ಮಗುವಿನ ಕೈ ಬಿಟ್ಟು ಫೋನ್ ಹಿಡಿಯುತ್ತೀರಿ, ಅದನ್ನು ನೆನಪಿಡಿ.

ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದೇ ಊಟದ ಗಂಟೆ. ಬುತ್ತಿ ಕಾರಿನಲ್ಲೇ ಇರಲಿ. ಮಕ್ಕಳಿಗೆ ಬೇಕಾದ ಬಿಸ್ಕತ್ತು, ಕಡ್ಲೆಮಿಠಾಯಿ ಜಿಪ್ ಇರುವ ಬೆನ್ನುಚೀಲದ ತಳದಲ್ಲಿ. ಕಿತ್ತುಕೊಳ್ಳಲು ಬಂದರೆ ಎಳೆದಾಡಬೇಡಿ, ಬಿಟ್ಟುಬಿಡಿ. ಹಲ್ಲು ಕಿರಿದು ನಗುವುದು, ಕಣ್ಣಲ್ಲಿ ಕಣ್ಣಿಡುವುದು ಅವಕ್ಕೆ ಜಗಳಕ್ಕೆ ಕರೆದಂತೆ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಬಂಡೆಯ ಚಾಚಿನಡಿ ಹೆಜ್ಜೇನು ಕಂಡರೆ ಕೂಗಾಟ, ಕಲ್ಲೆಸೆತ ಇಲ್ಲದೆ ಸುಮ್ಮನೆ ದಾಟಿ.

ಕಿಂಡಿಯನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದ ಓಬವ್ವ ಹೈದರಾಲಿಯ ಸೈನಿಕರನ್ನು ತಡೆದ ಜಾಗ ಇದು. ಒಬ್ಬೊಬ್ಬರೇ ನುಸುಳಬೇಕಿದ್ದರಿಂದಲೇ ಅವಳಿಗೆ ಒಂದು ಒನಕೆ ಸಾಕಾಯಿತು. ಭಾನುವಾರ ಅದೇ ಕಿಂಡಿಗೆ ಎರಡೂ ಕಡೆಯಿಂದ ಜನ ತೂರುತ್ತಾರೆ, ನಡುವೆ ಮಗು ಸಿಕ್ಕಿಕೊಂಡು ಅಳುತ್ತದೆ. ಎದುರಿನವರು ಪೂರ್ತಿ ಬರುವವರೆಗೆ ನಿಂತು, ದೊಡ್ಡವರೊಬ್ಬರು ಮುಂದೆ, ಮಗು ನಡುವೆ, ಇನ್ನೊಬ್ಬರು ಹಿಂದೆ ಇರುವಂತೆ ದಾಟಿ. ಬೆಳಿಗ್ಗೆ ಬೇಗನೆ ಅಲ್ಲಿದ್ದರೆ ಈ ನೂಕುನುಗ್ಗಲು ಇರುವುದಿಲ್ಲ, ಮಕ್ಕಳು ಕತೆಯನ್ನು ಅಲ್ಲೇ ನಿಂತು ಕೇಳುತ್ತಾರೆ.

ಗೈಡ್ ಬೇಕಾದರೆ ಎಷ್ಟು ಹೊತ್ತು, ಎಲ್ಲಿಯವರೆಗೆ, ಎಷ್ಟು ದುಡ್ಡು ಎಂಬುದನ್ನು ಬಾಗಿಲಲ್ಲೇ ಮಾತಾಡಿಕೊಳ್ಳಿ. ಮಕ್ಕಳಿದ್ದಾರೆ, ಬಂಡೆ ಹತ್ತಿಸಬೇಡಿ ಎಂದು ಮೊದಲೇ ಹೇಳಿ. ಮಂಡಿನೋವಿನ ಅಜ್ಜಿ ತಾತನಿಗೆ ಹಿಂದೆ ಸಿಡಿಮದ್ದು ಬೀಸುತ್ತಿದ್ದ ಕಲ್ಲುಗಳವರೆಗೆ ಸಾಕು. ಬಿಸಿಲೇರುವ ಮೊದಲು ಅವರನ್ನು ಒಬ್ಬರ ಜೊತೆ ಕೆಳಕ್ಕೆ ಕಳಿಸಿಬಿಡಿ.

ಹೇಗೂ ಬಂದಿದ್ದೇವೆ ಎಂದು ಅದೇ ಮಧ್ಯಾಹ್ನ ಊರ ಪಕ್ಕದ ಚಂದ್ರವಳ್ಳಿಯನ್ನೂ ಸೇರಿಸಬೇಡಿ. ಅಲ್ಲಿನ ಅಂಕಲಿ ಮಠದ ಗುಹೆಯೊಳಗೆ ಕಗ್ಗತ್ತಲು, ತಗ್ಗು ಬಾಗಿಲುಗಳಿಗೆ ತಲೆ ಬಗ್ಗಿಸಿಯೇ ಇಳಿಯಬೇಕು, ದಣಿದ ಮಗು ನಡುವೆ ನಿಂತರೆ ಎತ್ತಿಕೊಂಡು ಹೊರಬರಲು ಜಾಗವಿಲ್ಲ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಂಡು, ತಲೆಗೊಂದು ಟಾರ್ಚ್ ಹಿಡಿದು ಬನ್ನಿ.