ಪೌರತ್ವದ ಅರ್ಜಿಗೆ ಏಜೆಂಟಾ, ವಕೀಲರಾ, ಇಲ್ಲಾ ನಾವೇನಾ?

ನನ್ನ ತಮ್ಮ ಹಡಗಿನ ಕೆಲಸದವನು. ಅವನ ಹೆಂಡತಿ ಫಿಲಿಪೈನ್ಸ್‌ನವಳು, ಮದುವೆಯಾದಾಗಿನಿಂದ ಮುಂಬೈಯ ಮುಲುಂಡಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವನು ವರ್ಷದಲ್ಲಿ ಅರ್ಧ ಭಾಗ ಸಮುದ್ರದ ಮೇಲಿರುವುದರಿಂದ ಅವಳ ಪೌರತ್ವದ ಓಡಾಟವೆಲ್ಲ ನನ್ನ ತಲೆಗೆ ಬಂತು. ಮೂರೂ ದಾರಿ ನೋಡಿದ್ದಾಯಿತು. ಹಡಗು, ದುಬೈ ಅಂತ ಹೋಗಿ ಹೊರದೇಶದ ಹುಡುಗಿಯನ್ನು ಮದುವೆಯಾದ ಮುಂಬೈ ಕನ್ನಡಿಗರು ಇನ್ನೂ ಇದ್ದಾರೆ. ಅವರಿಗೆ ಉಪಯೋಗವಾಗಲಿ.

ಮೊದಲು ಸಿಕ್ಕಿದ್ದು ಏಜೆಂಟ್, ನಮ್ಮ ಕಡೆಯವನೇ. "ನೀವು ಸಹಿ ಮಾಡಿ ಅಕ್ಕ, ಉಳಿದದ್ದು ನನಗೆ ಬಿಡಿ" ಅಂದ. ಮಾತು ಸಿಹಿ, ಅಡ್ವಾನ್ಸ್ ಜಾಸ್ತಿ. ಅವನು ಕೊಟ್ಟ ಪಟ್ಟಿಯಲ್ಲಿ ಭಾಷೆ ಬರುತ್ತದೆ ಅನ್ನೋ ಸರ್ಟಿಫಿಕೇಟೂ ಇತ್ತು, ಅದಕ್ಕೆ ಬೇರೆ ರೇಟು. 1955ರ ಪೌರತ್ವ ಕಾಯ್ದೆ ತೆಗೆದು ಓದಿದರೆ, ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಒಂದು ಭಾಷೆ ಬರಬೇಕು ಅನ್ನೋ ಷರತ್ತು ಇರುವುದು 6ನೇ ಸೆಕ್ಷನ್ನಿನ ಅರ್ಜಿಗೆ. ಭಾರತೀಯರನ್ನು ಮದುವೆಯಾದವರು ಹಾಕುವುದು 5ನೇ ಸೆಕ್ಷನ್ನಿನಲ್ಲಿ, ಅಲ್ಲಿ ಭಾಷೆಯ ಮಾತೇ ಇಲ್ಲ. (ನಮ್ಮವಳು ಮೀನಿನವಳ ಹತ್ತಿರ ಮರಾಠಿಯಲ್ಲಿ ಚೌಕಾಸಿ ಮಾಡ್ತಾಳೆ, ತಮ್ಮನಿಗೆ ಕುಂದಾಪುರ ಕನ್ನಡದಲ್ಲೇ ಬೈತಾಳೆ. ಆ ಸರ್ಟಿಫಿಕೇಟ್ ಬೇಕಿದ್ದರೂ ಕಷ್ಟವಿರಲಿಲ್ಲ.) ಏಜೆಂಟ್ ಕಥೆ ಅಲ್ಲಿಗೇ ಮುಗಿಯಿತು.

ಆಮೇಲೆ ಮುಂಬೈಯ ಫೋರ್ಟ್ ಬಡಾವಣೆಯಲ್ಲಿ ಒಬ್ಬ ವಕೀಲರು. ಇವರು ಫೀಸಿನ ಮಾತಿಗೂ ಮೊದಲು ಕೇಳಿದ್ದು, "ಒಸಿಐ ಕಾರ್ಡ್ ಸಾಕಾಗಲ್ವಾ?" ಅಂತ. ಅದು (ಓವರ್ಸೀಸ್ ಸಿಟಿಜನ್ ಆಫ್ ಇಂಡಿಯಾ) ಪೌರತ್ವ ಪಡೆಯದೆಯೇ ಇಲ್ಲಿ ಎಷ್ಟು ಕಾಲ ಬೇಕಾದರೂ ಇರಲು ಕೊಡುವ ಕಾರ್ಡು. ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ದಾಟಿದ್ದರೆ ಸಾಮಾನ್ಯವಾಗಿ ಒಸಿಐಗೆ ಅರ್ಜಿ ಹಾಕಬಹುದು, ತನ್ನ ದೇಶದ ಪಾಸ್‌ಪೋರ್ಟ್ ಬಿಡಬೇಕಾಗಿಲ್ಲ. ಆದರೆ ವೋಟಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ತಮ್ಮನಿಗೆ ಊರಲ್ಲಿ ಅವಳ ಹೆಸರಿಗೇ ತೋಟ ಮಾಡಬೇಕೆಂಬ ಹಟ. ಸರಿ, ಪೌರತ್ವವೇ ಅಂತ ಆಯಿತು.

ಆಗ ಅವರು ಪಾಸ್‌ಪೋರ್ಟ್ ತೆಗೆದುಕೊಂಡು ಪೆನ್ಸಿಲ್ ಹಿಡಿದು ಒಂದೊಂದೇ ಪುಟ ತಿರುಗಿಸಿದರು. ಬಂದ ಸೀಲು, ಹೋದ ಸೀಲು, ತಾರೀಕು ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡರು. ಏಳು ವರ್ಷ ಭಾರತದಲ್ಲಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕುವ ರೀತಿ ಬೇರೆ. ಅರ್ಜಿಗೆ ಹಿಂದಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು, ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷ ಇದ್ದಿರಬೇಕು. ನಮ್ಮವಳು ತಾಯಿಗೆ ಹುಷಾರಿಲ್ಲವೆಂದು ತವರೂರು ಸೆಬುವಿಗೆ ಹೋಗಿ ಬಂದದ್ದು ಆ 12 ತಿಂಗಳ ಒಳಗೇ ಬಿದ್ದಿತ್ತು. 2015ರ ತಿದ್ದುಪಡಿಯಲ್ಲಿ ವಿಶೇಷ ಕಾರಣವಿದ್ದರೆ 30 ದಿನದವರೆಗೆ ವಿನಾಯಿತಿ ಉಂಟು, ಆದರೆ ಅದು ಕೇಂದ್ರ ಸರ್ಕಾರದ ಮರ್ಜಿ. "ಸುಮ್ನೆ ಯಾಕೆ ಅವರ ಮರ್ಜಿ ಕಾಯ್ತೀರಿ? ವಾಪಸ್ ಬಂದ ದಿನದಿಂದ ಒಂದು ವರ್ಷ ತುಂಬಲಿ, ಆಮೇಲೆ ಹಾಕಿ" ಅಂದರು. ಅವಳ ಹೆಸರಿನ ಗೊಂದಲವನ್ನೂ ಅವರೇ ಹಿಡಿದರು. ಫಿಲಿಪೈನ್ಸ್‌ನಲ್ಲಿ ತಾಯಿಯ ತವರಿನ ಅಡ್ಡಹೆಸರು ನಡುವಿನ ಹೆಸರಾಗಿ ಬರುತ್ತದೆ. ನಮ್ಮ ಮದುವೆ ಸರ್ಟಿಫಿಕೇಟಿನಲ್ಲಿ ಅದು ಹಾರಿಹೋಗಿತ್ತು. ಎರಡೂ ಹೆಸರು ಒಬ್ಬಳದ್ದೇ ಅಂತ ಒಂದು ಅಫಿಡವಿಟ್ ಮಾಡಿಸಿದರು.

ಇಷ್ಟಕ್ಕೆ ತೆಗೆದುಕೊಂಡದ್ದು ಸಲಹೆಯ ಫೀಸು ಮಾತ್ರ. ಪೂರ್ತಿ ಕೇಸು ಹಿಡಿಯಲು ಹೇಳಿದ ಮೊತ್ತ ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಬೇಡವೆಂದೆ, ಅವರೂ ಬೇಜಾರು ಮಾಡಿಕೊಳ್ಳಲಿಲ್ಲ.

ಉಳಿದದ್ದು ನಾವೇ ಮಾಡಿದೆವು. ಅರ್ಜಿ ತುಂಬುವುದು ಆನ್‌ಲೈನ್. ಒಂದೇ ಸಲ ಕೂತು ಮುಗಿಸಲು ಆಗುವುದಿಲ್ಲ, ಅಷ್ಟೇ. ಆಮೇಲೆ ಪ್ರಿಂಟ್ ಮತ್ತು ದಾಖಲೆ ಹಿಡಿದು ಕಲೆಕ್ಟರ್ ಕಚೇರಿಗೆ. ಮುಲುಂಡಿನವರಿಗೆ ಬಾಂದ್ರಾದ ಉಪನಗರ ಜಿಲ್ಲಾ ಕಚೇರಿ. ಚೆಕ್‌ನಾಕಾ ದಾಟಿ ಠಾಣೆ ಜಿಲ್ಲೆಯಲ್ಲಿ ಮನೆ ಮಾಡಿದ್ದರೆ ಅಲ್ಲಿನ ಜಿಲ್ಲಾ ಕಚೇರಿ. ಆದ್ದರಿಂದ ಅರ್ಜಿ ನಡೆಯುತ್ತಿರುವಾಗ ಮನೆ ಬದಲಿಸುವ ಯೋಚನೆ ಇದ್ದರೆ ಮುಂದೆ ಹಾಕಿ. ಅಲ್ಲಿಂದ ರಾಜ್ಯ ಸರ್ಕಾರ, ಆಮೇಲೆ ದಿಲ್ಲಿಯ ಗೃಹ ಸಚಿವಾಲಯ. ಪೊಲೀಸರು ವಿಚಾರಣೆಗೆ ಮನೆಗೆ ಬಂದಾಗ ಕೇಳಿದ್ದೆಲ್ಲ ಅವಳನ್ನೇ: ಗಂಡ ಎಲ್ಲಿ, ಯಾವಾಗ ಬಂದಿರಿ, ಮನೆಯಲ್ಲಿ ಯಾರಿದ್ದಾರೆ. ಅಲ್ಲಿ ಯಾವ ವಕೀಲರೂ ಅವಳ ಬದಲು ಉತ್ತರ ಹೇಳಲು ಆಗದು. ಫೈಲನ್ನು ಬೇಗ ಓಡಿಸುವುದೂ ಅವರ ಕೈಯಲ್ಲಿಲ್ಲ. ಬೇಗ ಓಡಿಸ್ತೇವೆ ಅಂತ ಹೇಳಿದವರನ್ನು ನಾನಂತೂ ನಂಬುವುದಿಲ್ಲ.

ಹಾಗಾದರೆ ಪೂರ್ತಿ ಕೇಸು ಕೊಡಬೇಕಾದವರೇ ಇಲ್ವಾ? ಇದ್ದಾರೆ. ವೀಸಾ ಮುಗಿದ ಮೇಲೂ ಉಳಿದುಕೊಂಡಿದ್ದವರು, ಪೊಲೀಸ್ ಕೇಸಿರುವವರು, ಹಿಂದೆ ಇನ್ನೊಂದು ಮದುವೆಯಾಗಿದ್ದವರು. ಫಿಲಿಪೈನ್ಸ್‌ನಲ್ಲಂತೂ ಮುಸ್ಲಿಮರನ್ನು ಬಿಟ್ಟು ಉಳಿದವರಿಗೆ ವಿಚ್ಛೇದನದ ಕಾನೂನೇ ಇಲ್ಲ, ಹಳೆಯ ಮದುವೆ ಇದ್ದರೆ ಗಂಟು ಬಿಗಿಯಾಗಿರುತ್ತದೆ. ಅರ್ಜಿ ತಿರಸ್ಕಾರವಾದವರೂ ತಡಮಾಡದೆ ವಕೀಲರ ಹತ್ತಿರ ಓಡಬೇಕು. ಸರ್ಕಾರ ಕಾರಣ ಕೊಡಬೇಕೆಂದಿಲ್ಲ, ಮರುಪರಿಶೀಲನೆ ಕೇಳಲು ಇರುವುದು 30 ದಿನ.

ಇನ್ನೊಂದು ವಿಷಯ. ಹಳೆಯ ಪೌರತ್ವ ಬಿಡುವ ಕೆಲಸ ಈಗಲೇ ಶುರುಮಾಡಿ, ಸಮಯ ಉಳಿಯುತ್ತದೆ ಅಂತ ಆ ಏಜೆಂಟ್ ಹೇಳಿದ್ದ. ವಕೀಲರು ಕೇಳಿ ತಲೆ ಚಚ್ಚಿಕೊಂಡರು. ದಿಲ್ಲಿಯಿಂದ ಒಪ್ಪಿಗೆಯ ಪತ್ರ ಕೈಗೆ ಬಂದ ಮೇಲೆಯೇ ಆ ಕೆಲಸ. ಮೊದಲೇ ಬಿಟ್ಟು ಇಲ್ಲಿ ತಿರಸ್ಕಾರವಾದರೆ ಯಾವ ದೇಶದ ಪಾಸ್‌ಪೋರ್ಟೂ ಇರುವುದಿಲ್ಲ.